ಹೊಸ್ತಿಲ ಪುಸ್ತಕದ ಒಂದು ಗೆರೆ

ಕೆಂಚಣ್ಣ ಮಂಜಿನಲ್ಲಿ ಬಾಗಿಲು ತಪ್ಪಿ ಹೆಂಡತಿಯನ್ನು ಕಳೆದುಕೊಂಡ ಎಂದು ನಮ್ಮೂರು ಹನ್ನೊಂದು ವರ್ಷ ನಂಬಿತ್ತು. ನಾನೂ ನಂಬಿದ್ದೆ. ಹಾಗೆ ನಂಬುವುದರಿಂದ ಎಲ್ಲರಿಗಿಂತ ಹೆಚ್ಚು ಅನುಕೂಲವಾಗಿದ್ದು ನನಗೇ ಎಂಬುದು ತಿಳಿಯುವ ಹೊತ್ತಿಗೆ ನನ್ನ ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡಿತ್ತು.

ನಮ್ಮೂರಿಗೆ ನೀರು ಆಕಾಶದಿಂದ ಬರುವುದಿಲ್ಲ, ಹೊಳೆಯಿಂದಲೂ ಬರುವುದಿಲ್ಲ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಬೀದಿಗೆ ಹಾಸಿದ ಕಲ್ಲುಗಳ ಸಂದಿಯಿಂದ ಸದ್ದಿಲ್ಲದೆ ಮೇಲೇಳುತ್ತದೆ. ಅದರ ಜೊತೆಗೇ ಮಂಜು. ನೀರು ನಮ್ಮ ಹೊಸ್ತಿಲಿಗೆ ಬಂದು ಮುಟ್ಟುವ ತನಕ ಎದುರು ಮನೆಯ ಹೊಸ್ತಿಲು ಮಸುಕಾಗಿ ಕಾಣುತ್ತಿರುತ್ತದೆ, ಆಮೇಲೆ ಚಾಚಿದ ಕೈಯೂ ಕಾಣುವುದಿಲ್ಲ. ಅರ್ಧ ದಿನ ಕಳೆದರೆ ನೀರೂ ಇಲ್ಲ, ಮಂಜೂ ಇಲ್ಲ. ಗೋಡೆಯ ಮೇಲೆ ಒಂದು ತೇವದ ಗುರುತೂ ಉಳಿಯುವುದಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಹೊರಗಿನಿಂದ ಬಂದವರು ನೀರು ತುಂಬಿದ ನಳಿಗೆ, ಗುಂಡು ಕಟ್ಟಿದ ದಾರ ಎಲ್ಲ ಹಿಡಿದು ಮೂರು ಸಲ ಊರನ್ನು ಅಳೆದರಂತೆ. ಮೂರು ಸಲವೂ ಬೇರೆ ಬೇರೆ ಲೆಕ್ಕ ಬಂದು, ಪೆಟ್ಟಿಗೆ ಮುಚ್ಚಿಕೊಂಡು ಹೋದರಂತೆ. ಆದರೆ ಯಾವ ಹೊಸ್ತಿಲು ಮೊದಲು ಮುಳುಗುತ್ತದೆ, ಯಾವುದು ಆಮೇಲೆ ಎಂಬುದು ಮಾತ್ರ ಎಂದೂ ಬದಲಾಗಿಲ್ಲ. ನಾವು ನೆಚ್ಚಿಕೊಂಡಿರುವುದು ಅಷ್ಟನ್ನೇ.

ಹಾಗಾಗಿ ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಚಿನ್ನದ ಮಾತಿಗಿಂತ ಮೊದಲು, ನಿಮ್ಮ ಹೊಸ್ತಿಲು ಯಾರ ಮನೆಯದಕ್ಕಿಂತ ಮೇಲು ಎಂದು ಕೇಳುತ್ತಾರೆ. ಸವೆದ ಹೊಸ್ತಿಲನ್ನು ಹೇಳದೆ ಕೇಳದೆ ಬದಲಾಯಿಸುವ ಹಾಗಿಲ್ಲ. ಪ್ರತಿ ಮನೆಗೂ ಒಂದು ಆಸರೆ ಮನೆ ಗೊತ್ತುಮಾಡಿರುತ್ತದೆ. ನೀರು ನಮ್ಮ ಹೊಸ್ತಿಲು ಮುಟ್ಟಿತೆಂದರೆ ಗೋಡೆ ಹಿಡಿದು, ಬಾಗಿಲು ಎಣಿಸುತ್ತ, ನಮ್ಮದಕ್ಕಿಂತ ಮೇಲಿರುವ ಆ ಮನೆಗೆ ಹೋಗಿ ಸೇರಬೇಕು. ಮಂಜಿನಲ್ಲಿ ಒಂದು ಸಲ ಹೊರಟರೆ ಒಂದೇ ಮನೆ ಸೇರಬಹುದು, ಎರಡನೆಯದನ್ನು ಹುಡುಕಲು ಆಗುವುದಿಲ್ಲ. ಯಾರು ಯಾವ ಮನೆಗೆ ಹೋಗಬೇಕೆಂದು ಹೇಳುವುದು ಹೊಸ್ತಿಲ ಪುಸ್ತಕ. ಅದನ್ನು ಬರೆಯುವವಳು ಹೊಸ್ತಿಲವ್ವ. ಮೊದಲು ನನ್ನ ದೊಡ್ಡಮ್ಮ ಆ ಕೆಲಸ ಮಾಡುತ್ತಿದ್ದಳು, ಅವಳ ನಂತರ ನಾನು.

ನೀರು ಇಳಿದ ಮಾರನೆಯ ದಿನ ಜನ ನಮ್ಮ ಜಗಲಿಗೆ ಬಂದು ಕಂಡದ್ದನ್ನು ಹೇಳುತ್ತಾರೆ. ಎದುರು ಮನೆಯದು ನಮ್ಮದಕ್ಕಿಂತ ಮೊದಲೇ ಮುಳುಗಿತು ಎಂದರೆ ನಮ್ಮದು ಮೇಲು. ಅದಕ್ಕೆ ಚೂಪಾದ ಒಂದು ಗುರುತು. ಎರಡೂ ಒಟ್ಟಿಗೇ ಮುಳುಗಿದವು ಎಂದರೆ ಸಮ, ಅದಕ್ಕೆ ಎರಡು ಅಡ್ಡಗೆರೆ. ಇನ್ನು ಕೆಲವರು, "ನಮ್ಮದು ಮುಳುಗೋಕೆ ಮುಂಚೆ ಅವ್ರದ್ದು ಮುಳುಗಿರಲಿಲ್ಲ, ಆಮೇಲೆ ಮಂಜು ಮುಚ್ಕೊಂಡ್ತು, ಏನೂ ಕಾಣ್ಲಿಲ್ಲ" ಎನ್ನುತ್ತಾರೆ. ಅದು ಮೇಲೂ ಇರಬಹುದು, ಸಮವೂ ಇರಬಹುದು, ಕೆಳಗಂತೂ ಅಲ್ಲ. ಅದಕ್ಕೆ ಚೂಪಿನ ಗುರುತು ಹಾಕಿ ಅಡಿಯಲ್ಲೊಂದು ಗೆರೆ ಎಳೆಯುತ್ತೇವೆ. ಅದನ್ನು 'ಕೆಳಗಲ್ಲ' ಎಂದು ಓದುತ್ತೇವೆ.

ದೊಡ್ಡಮ್ಮ ನನಗೆ ಇದನ್ನು ಅಡುಗೆಮನೆಯ ನೆಲದ ಮೇಲೆ ಇದ್ದಲಿನಲ್ಲಿ ಬರೆದು ಕಲಿಸಿದಳು. "ಹುಣಸೆಮರದ ಮನೆ ನೀಲಿ ಬಾಗಿಲ ಮನೆಗಿಂತ ಮೇಲು. ನೀಲಿ ಬಾಗಿಲ ಮನೆ ಎರಡಂಕಣದ ಮನೆಗಿಂತ ಮೇಲು. ಹಾಗಾದ್ರೆ?"

"ಹುಣಸೆಮರದ ಮನೆ ಎರಡಂಕಣದ ಮನೆಗಿಂತ ಮೇಲು."

"ಸರಿ. ಈಗ ಬೇರೆ ಥರ. ಹುಣಸೆಮರದ್ದೂ ನೀಲಿ ಬಾಗಿಲದ್ದಕ್ಕಿಂತ ಮೇಲು, ಎರಡಂಕಣದ್ದೂ ನೀಲಿ ಬಾಗಿಲದ್ದಕ್ಕಿಂತ ಮೇಲು. ಹುಣಸೆಮರದ್ದೋ ಎರಡಂಕಣದ್ದೋ, ಯಾವುದು ಮೇಲು?"

ನಾನು ಸ್ವಲ್ಪ ಯೋಚಿಸಿ, ಹುಣಸೆಮರದ್ದು ಎಂದೆ. ದೊಡ್ಡಮ್ಮ ನನ್ನ ಕೈಯಿಂದ ಇದ್ದಲು ಕಿತ್ತುಕೊಂಡಳು.

"ಎಲ್ಲಿ ಕಾಣಿಸ್ತು ನಿಂಗೆ ಅದು?"

"ಹಾಗೇ ಅನ್ನಿಸ್ತು."

"ಅನ್ನಿಸಿದ್ದನ್ನ ಬರೆದ್ರೆ ಒಬ್ರು ಸಾಯ್ತಾರೆ, ಪುಟ್ಟತಾಯಿ. ಗೊತ್ತಾಗಲ್ಲ ಅಂತ ಹೇಳೋದಕ್ಕೆ ನಾಚ್ಕೋಬೇಡ. ಅದೂ ಉತ್ತರಾನೇ. ಕೆಳಗಲ್ಲ ಅಂದ್ರೆ ಮೇಲು ಅಂತಲೂ ಓದ್ಬೇಡ. ಊರಲ್ಲಿ ಎಲ್ರೂ ಹಂಗೇ ಓದ್ತಾರೆ. ನೀನು ಓದ್ಬಾರ್ದು."

ನನಗೆ ಹತ್ತೊಂಬತ್ತು ತುಂಬಿದ ವರ್ಷ ಹಳೆಯ ಪುಸ್ತಕದ ಹಾಳೆಗಳು ಮಡಿಕೆಯಲ್ಲಿ ಹರಿಯತೊಡಗಿದ್ದವು. ಹೊಸ ಪುಸ್ತಕಕ್ಕೆ ಎಲ್ಲವನ್ನೂ ಎತ್ತಿ ಬರೆಯುವ ಕೆಲಸ ನನಗೆ ಬಂತು. ಆರು ವಾರ ಬರೆದೆ. ಕೊನೆಯ ವಾರ ನಮ್ಮ ಮನೆಯಲ್ಲೇ ಮದುವೆ. ಅಂಗಳದಲ್ಲಿ ಹಪ್ಪಳ ಒಣಗುತ್ತಿತ್ತು, ನನ್ನ ಓರಗೆಯ ಹುಡುಗಿಯರೆಲ್ಲ ಒಳಗೆ ಸೀರೆ ಹರಡಿಕೊಂಡು ನಗುತ್ತಿದ್ದರು. ನಾನು ಕೊನೆಯ ಎಂಟು ಹಾಳೆ ಓಡಿಸಿಬಿಟ್ಟೆ. ದೊಡ್ಡಮ್ಮ ಪುಸ್ತಕ ಕೈಗೆ ತೆಗೆದುಕೊಂಡು, "ಸಾಲುಸಾಲೂ ಹಳೇದರ ಜೊತೆ ಹಿಡಿದು ನೋಡಿದ್ಯಾ?" ಎಂದು ಕೇಳಿದಳು. ನಾನು, "ನೋಡ್ದೆ" ಎಂದೆ. ಅವಳು ನನ್ನ ಮುಖ ನೋಡಿ, ನಂಬಿ, ಹಳೆಯ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದಳು.

ಕೆಂಚಣ್ಣ ಕೌದಿ ಹೊಲಿಯುತ್ತಿದ್ದ. ಊರಿನ ಹಳೆಯ ಸೀರೆಗಳೆಲ್ಲ ಕೊನೆಗೆ ಅವನ ಕೈಗೇ ಬರುತ್ತಿದ್ದವು. ಅವನ ಹೆಂಡತಿ ಸಾಕಮ್ಮನಿಗೆ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿ ಎರಡು ವರ್ಷವಾಗಿತ್ತು. ಅವಳನ್ನು ಎತ್ತಿಕೊಂಡು ಅಟ್ಟ ಹತ್ತಲೂ ದೂರ ಹೋಗಲೂ ಆಗದೆಂದು ದೊಡ್ಡಮ್ಮ ಹೊಸ ಪುಸ್ತಕ ತೆರೆದು ಹತ್ತಿರದ ಆಸರೆ ಹುಡುಕಿದಳು. ನಾಲ್ಕು ಬಾಗಿಲಾಚೆ ಗಾಣದ ಮನೆ ಇತ್ತು. ಗಾಣ ನಿಂತು, ಖಾಲಿ ಬಿದ್ದಿದ್ದ ಮನೆ. ಪುಸ್ತಕದಲ್ಲಿ ಗಾಣದ ಮನೆ ಹೂವಾಡಿಗರ ಮನೆಗಿಂತ ಮೇಲು ಎಂದಿತ್ತು. ಹೂವಾಡಿಗರ ಮನೆಯೂ ಕೆಂಚಣ್ಣನ ಮನೆಯೂ ಒಂದೇ ಜಗಲಿಯವು, ಸಮ. ಹಾಗಾದರೆ ಗಾಣದ ಮನೆ ಕೆಂಚಣ್ಣನ ಮನೆಗಿಂತ ಮೇಲು. ದೊಡ್ಡಮ್ಮ ಅದನ್ನೇ ಹೇಳಿದಳು. ಅವಳ ಲೆಕ್ಕದಲ್ಲಿ ಒಂದು ಕೂದಲಷ್ಟೂ ತಪ್ಪಿರಲಿಲ್ಲ.

ಮುಂದಿನ ವರ್ಷ ಬಂದದ್ದು ದೊಡ್ಡ ನೀರು. ಮಂಜು ಸರಿದ ಮೇಲೆ ನೋಡಿದಾಗ ಕೆಂಚಣ್ಣ ಬೀದಿಯ ನಡುವೆ ಸಾಕಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ಅವಳು ಹೋಗಿ ಎಷ್ಟೋ ಹೊತ್ತಾಗಿತ್ತು. ಗಾಣದ ಮನೆಯೊಳಗೆ ನೀರು ಬಂತು ಎಂದು ಅವನು ಹೇಳಿದ. ಅದು ಹೇಗೆ ಸಾಧ್ಯ ಎಂದು ಊರು ಕೇಳಿತು. ಅವನ ಹೊಸ್ತಿಲು ಮುಟ್ಟಿದಾಗಲೇ ಹೊರಟಿದ್ದರೆ ಗಾಣದ ಮನೆ ಒಣಗಿರಬೇಕು. ಗಾಣದ ಮನೆಯ ಪಕ್ಕಕ್ಕೇ ಕುಲುಮೆ ಇತ್ತು, ಅದರ ಹೊಸ್ತಿಲು ತೀರ ತಗ್ಗು. ಅವನು ಬಾಗಿಲು ತಪ್ಪಿ ಎಣಿಸಿ ಕುಲುಮೆಗೆ ಹೊಕ್ಕಿದ್ದಾನೆ ಎಂದು ಎಲ್ಲರೂ ತೀರ್ಮಾನಿಸಿದರು. ಮಂಜಿನಲ್ಲಿ ಯಾವ ಬಾಗಿಲೆಂದು ಅವನಿಗೆ ಮಾತ್ರ ಹೇಗೆ ಗೊತ್ತಾಗಬೇಕು? ಕೆಲವು ದಿನಕ್ಕೆ ಅವನೂ, "ಇರಬೋದು" ಎಂದ.

ಅವನ ಮಗಳು ಚೆಲುವಮ್ಮನಿಗೆ ಆಗ ಹದಿನೈದು. ಆ ದಿನ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ತಾಯಿಯ ಹೆಣದ ಮುಂದೆ ಅವಳು ಅಪ್ಪನನ್ನು ಕೇಳಿದ್ದು ಒಂದೇ ಮಾತು: "ನಾಕು ಬಾಗ್ಲು ಎಣ್ಸಕ್ಕಾಗ್ಲಿಲ್ವಾ ನಿಂಗೆ?" ಆಮೇಲೆ ಅವನ ಜೊತೆ ಮಾತಾಡಲಿಲ್ಲ. ಚಿಕ್ಕಮ್ಮನ ಮನೆಯಿಂದಲೇ ಮದುವೆಯಾಗಿ ಅದೇ ಬೀದಿಯ ಚಪ್ಪಡಿ ಮನೆಗೆ ಸೊಸೆಯಾಗಿ ಬಂದಳು. ಅಪ್ಪನ ಬಾಗಿಲಿಗೂ ಮಗಳ ಬಾಗಿಲಿಗೂ ನಡುವೆ ಹನ್ನೊಂದು ಬಾಗಿಲು. ತರಕಾರಿ ಗಾಡಿಯ ಮುಂದೆ ಇಬ್ಬರೂ ನಿಂತಿರುವುದನ್ನು ನಾನು ನೋಡಿದ್ದೇನೆ. ಅವಳು ಬದನೆಕಾಯಿ ಆರಿಸುತ್ತಿದ್ದಳು, ಅವನು ಅವಳು ಹೋಗುವ ತನಕ ತಕ್ಕಡಿಯನ್ನೇ ನೋಡುತ್ತ ನಿಂತಿದ್ದ.

ಆಮೇಲೆ ಬಂದ ನೀರೆಲ್ಲ ಸಣ್ಣವು. ಆ ಬೀದಿಯ ಹೊಸ್ತಿಲುಗಳ ತನಕ ಏರಿದ್ದು ಹನ್ನೊಂದು ವರ್ಷದ ಮೇಲೆ, ಈ ಸಲ. ಅದೂ ಬೆರಳಗಲ ಏರಿ ಇಳಿದುಹೋಯಿತು. ಕೆಂಚಣ್ಣ ಆಸರೆ ಮನೆಗೆ ಹೋಗಲೇ ಇಲ್ಲ. ತನ್ನ ಮನೆಯ ಅಟ್ಟ ಹತ್ತಿ ಕೂತಿದ್ದನಂತೆ. ಮಾರನೆಯ ದಿನ ಬಳೆ ಮಾರುವ ಸಿದ್ದಮ್ಮ ನಮ್ಮ ಜಗಲಿಗೆ ಬಂದಳು. ಅವಳ ಮನೆಗೂ ಗಾಣದ ಮನೆಗೂ ಮಧ್ಯೆ ನೋಟಕ್ಕೆ ಅಡ್ಡವಾಗಿದ್ದ ಹಳೆಯ ಗೋಡೆ ಕಳೆದ ಬೇಸಿಗೆಯಲ್ಲಿ ಬಿದ್ದಿತ್ತು. ಗಾಣವನ್ನು ಅವಳ ಅಳಿಯ ಹೊಸದಾಗಿ ನಡೆಸತೊಡಗಿದ್ದ.

"ಗೋಡೆ ಹೋದ್ಮೇಲೆ ಈಗ ಎದುರಿಗೇ ಕಾಣ್ತದೆ, ಹೊಸ್ತಿಲವ್ವ. ನಮ್ದೂ ಗಾಣದ ಮನೇದೂ ಒಂದೇ ಗಳಿಗೇಲಿ ಮುಳುಗ್ದೊ. ನಾನು ಈ ಕಡೆಯಿಂದ ಕೂಗ್ದೆ, ಅಳಿಯ ಆ ಕಡೆಯಿಂದ ಕೂಗ್ದ. ಒಟ್ಗೇ ಕೂಗಿದ್ವಿ."

ಸಮ ಎಂದು ಬರೆದುಕೊಂಡೆ. ಹೊಸ ಮಾತು ಬಂದರೆ ಅದರ ಅಕ್ಕಪಕ್ಕದ ಮಾತುಗಳ ಜೊತೆ ಕೂಡಿಸಿ ನೋಡುವುದು ಪದ್ಧತಿ. ಸಿದ್ದಮ್ಮನ ಮನೆ ಕೆಂಚಣ್ಣನ ಮನೆಯ ಎದುರಿನದು. ಅವೆರಡೂ ಸಮ ಎಂದು ಪುಸ್ತಕದಲ್ಲಿ ನಾಲ್ಕು ಸಲ ಬರೆದಿದೆ. ಗಾಣದ ಮನೆ ಸಿದ್ದಮ್ಮನ ಮನೆಗೆ ಸಮ, ಸಿದ್ದಮ್ಮನ ಮನೆ ಕೆಂಚಣ್ಣನ ಮನೆಗೆ ಸಮ. ಹಾಗಾದರೆ ಗಾಣದ ಮನೆ ಕೆಂಚಣ್ಣನ ಮನೆಗೆ ಸಮ. ಆದರೆ ಅದೇ ಪುಸ್ತಕ ಇನ್ನೊಂದು ದಾರಿಯಲ್ಲಿ ಗಾಣದ ಮನೆ ಮೇಲು ಎನ್ನುತ್ತಿದೆ. ಎರಡೂ ನಿಜವಾಗಲು ಸಾಧ್ಯವಿಲ್ಲ. ಯಾವುದೋ ಒಂದು ಕೊಂಡಿ ಸುಳ್ಳು.

ಸಿದ್ದಮ್ಮ ಸುಳ್ಳು ಹೇಳುವವಳಲ್ಲ. ಒಂದೇ ಜಗಲಿ ಎರಡು ಎತ್ತರದಲ್ಲಿರುವುದಿಲ್ಲ. ಉಳಿದದ್ದು ಗಾಣದ ಮನೆ ಹೂವಾಡಿಗರ ಮನೆಗಿಂತ ಮೇಲು ಎಂಬ ಸಾಲು. ಅದು ಕೊನೆಯ ಎಂಟು ಹಾಳೆಗಳಲ್ಲಿ ಇತ್ತು. ಏಣಿ ಇಟ್ಟು ಅಟ್ಟ ಹತ್ತಿ ಹಳೆಯ ಪುಸ್ತಕದ ಗಂಟು ಬಿಚ್ಚಿದೆ. ಹಾಳೆ ಹಳದಿಯಾಗಿತ್ತು. ದೊಡ್ಡಮ್ಮನ ಅಕ್ಷರ ನಿನ್ನೆ ಬರೆದ ಹಾಗಿತ್ತು. ಚೂಪಿನ ಗುರುತು, ಅದರಡಿಯಲ್ಲಿ ಗೆರೆ. ಗೆರೆ ಮಾಸಿರಲಿಲ್ಲ, ಹುಳ ತಿಂದಿರಲಿಲ್ಲ, ಯಾರ ಕಣ್ಣಿಗೂ ಕಾಣದಷ್ಟು ಸಣ್ಣದೂ ಆಗಿರಲಿಲ್ಲ. ಅಲ್ಲಿ 'ಕೆಳಗಲ್ಲ' ಎಂದಿತ್ತು. ನಾನು 'ಮೇಲು' ಎಂದು ಎತ್ತಿ ಬರೆದಿದ್ದೆ.

ಗೆರೆ ಇದ್ದಿದ್ದರೆ ಗಾಣದ ಮನೆ ಮೇಲೂ ಇರಬಹುದು, ಸಮವೂ ಇರಬಹುದು ಎಂದಾಗುತ್ತಿತ್ತು. ಅಂಥ ಮನೆಯನ್ನು ಆಸರೆ ಎಂದು ಯಾವ ಹೊಸ್ತಿಲವ್ವನೂ ಹೇಳುವುದಿಲ್ಲ. ಕೆಂಚಣ್ಣ ಸರಿಯಾಗಿ ನಾಲ್ಕು ಬಾಗಿಲು ಎಣಿಸಿ, ಸರಿಯಾದ ಮನೆಗೇ ಹೋಗಿದ್ದ.

ದೊಡ್ಡಮ್ಮ ತೀರಿಕೊಂಡು ಏಳು ವರ್ಷವಾಗಿತ್ತು. ದೊಡ್ಡಪ್ಪ ರುದ್ರಯ್ಯ ಊರ ಹಿರಿಯರು. ಅವರು ಊಟ ಮುಗಿಸಿ ಅಡಿಕೆ ಕತ್ತರಿಸುತ್ತ ಕೂತಿದ್ದಾಗ ಎರಡೂ ಪುಸ್ತಕ ತೆರೆದು ಅವರ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿದರು.

"ಮತ್ಯಾರಿಗೆ ಹೇಳಿದ್ದೀಯ?"

"ಯಾರಿಗೂ ಇಲ್ಲ."

"ಗಾಣದ ಮನೆ ಹೊಸ್ತಿಲು ಈಚೆಗೆ ಕುಸಿದಿದೆ ಅಂತ ಹೇಳೋಣ. ಕೆಂಚಣ್ಣನ ಆಸರೆ ಬದಲಾಯಿಸಿ ಬರಿ. ಅಷ್ಟು ಸಾಕು."

"ಕುಸಿದಿಲ್ಲ ದೊಡ್ಡಪ್ಪ. ನನ್ನ ತಪ್ಪು."

"ನಿನ್ನ ಮಾನ ಉಳಿಸೋಕೆ ಹೇಳ್ತಿಲ್ಲ ನಾನು." ಅವರು ಅಡಕತ್ತರಿಯನ್ನು ಕೆಳಗಿಟ್ಟರು. "ನೀರು ಬಂದಾಗ ಜನ ಗೋಡೆ ಹಿಡ್ಕೊಂಡು ನಡೀತಾರಲ್ಲ, ಅವರನ್ನ ನಡೆಸೋದು ಏನು ಗೊತ್ತಾ? ಪುಸ್ತಕ ತಪ್ಪಲ್ಲ ಅನ್ನೋ ಒಂದು ಮಾತು. ಅದು ಹೋಯ್ತು ಅಂದ್ರೆ ಅರ್ಧ ದಾರೀಲಿ ನಿಂತು, ಇದೋ ಅದೋ ಅಂತ ಯೋಚ್ನೆ ಮಾಡ್ತಾರೆ. ನಿಂತವರು ಮುಳುಗ್ತಾರೆ. ಒಬ್ಬನಿಗೆ ನ್ಯಾಯ ಕೊಡೋಕೆ ಹೋಗಿ ಹತ್ತು ಜನರನ್ನ ಕಳ್ಕೊಳ್ಬೇಡ."

ಅವರ ಮಾತನ್ನು ತಳ್ಳಿಹಾಕಲು ಆಗಲಿಲ್ಲ. ಎರಡು ದಿನ ಅದನ್ನೇ ತಲೆಯಲ್ಲಿ ಹೊತ್ತು ತಿರುಗಿದೆ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಮರೆತು ಮತ್ತೆ ಹಾಕಿದೆ. ಮೂರನೆಯ ದಿನ ಉಳಿದ ಏಳು ಹಾಳೆಗಳನ್ನು ಹಳೆಯದರ ಜೊತೆ ಹಿಡಿದು ನೋಡಿದೆ. ಇನ್ನೊಂದು ಗೆರೆ ಬಿಟ್ಟುಹೋಗಿತ್ತು. ಅದರಿಂದ ಯಾರಿಗೂ ಇನ್ನೂ ಏನೂ ಆಗಿರಲಿಲ್ಲ, ಅಷ್ಟೇ. ಆ ಎರಡನೆಯ ಗೆರೆಯೇ ನನ್ನನ್ನು ಎಬ್ಬಿಸಿತು. ಜನ ನಿಂತು ಯೋಚಿಸುವುದಕ್ಕಿಂತ, ಯೋಚಿಸದೆ ನನ್ನ ಸುಳ್ಳಿನೊಳಗೆ ನಡೆದುಹೋಗುವುದೇ ಹೆಚ್ಚು ಭಯ ಎನ್ನಿಸಿತು.

ಕೆಂಚಣ್ಣನ ಮನೆಗೆ ಹೋದಾಗ ಮಧ್ಯಾಹ್ನ. ಅವನು ಬಾಗಿಲ ಬೆಳಕಿಗೆ ಕೌದಿ ಹರಡಿಕೊಂಡು ಅಂಚು ಹೊಲಿಯುತ್ತಿದ್ದ. ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದ.

"ಬಾ ತಾಯಿ. ನಾನು ಈ ಸಲ ಆಸರೆ ಮನೆಗೆ ಹೋಗ್ಲಿಲ್ಲ ಅಂತ ಬೈಯಕ್ ಬಂದ್ಯಾ?"

ನಾನು ಕೂತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು. "ಕೆಂಚಣ್ಣ, ನೀವು ಬಾಗಿಲು ತಪ್ಪಲಿಲ್ಲ" ಎಂದೆ. "ನೀವು ಹೋದದ್ದು ಗಾಣದ ಮನೆಗೇ. ಅದು ನಿಮ್ಮ ಮನೆಗೆ ಸಮ. ಮೇಲು ಅಂತ ತಪ್ಪಾಗಿ ಬರೆದವಳು ನಾನು."

ಅವನು ಅರ್ಥವಾಗದವನ ಹಾಗೆ ನೋಡಿದ. ಹಳೆಯ ಪುಸ್ತಕ ತೆರೆದೆ. ಅವನಿಗೆ ಓದು ಬಾರದು. ಅವನ ಬೆರಳು ಹಿಡಿದು ಗೆರೆಯ ಮೇಲಿಟ್ಟೆ. ಆಮೇಲೆ ನನ್ನ ಪುಸ್ತಕ ತೆರೆದು ಅದೇ ಜಾಗದಲ್ಲಿ ಇಟ್ಟೆ. ಸೂಜಿ ಹಿಡಿದು ದಪ್ಪಗಾಗಿದ್ದ ಆ ಬೆರಳು ಹಾಳೆಯ ಮೇಲೆ ಅತ್ತಿತ್ತ ಆಡಿತು.

"ಇಲ್ಲಿ ಇಲ್ಲ" ಎಂದ.

"ಇಲ್ಲ. ನಾನು ಬಿಟ್ಟೆ."

ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಅವನು ಪುಸ್ತಕದಿಂದ ಬೆರಳು ತೆಗೆದ. "ಈ ಗೆರೆ ಇದ್ದಿದ್ರೆ ನಮ್ಮನ್ನ ಎಲ್ಲಿಗೆ ಕಳಿಸ್ತಿದ್ರಿ?"

ಅಂದಿನ ಪುಸ್ತಕದಲ್ಲಿ ಏನಿತ್ತೋ ಅದರಿಂದಲೇ ಉತ್ತರಿಸಬೇಕಿತ್ತು. ನಾನು ಅದನ್ನು ಆಗಲೇ ಮನೆಯಲ್ಲಿ ಮಾಡಿ ನೋಡಿದ್ದೆ. ಉತ್ತರ ಗೊತ್ತಿದ್ದೇ ಬಂದಿದ್ದೆ. "ಚಪ್ಪಡಿ ಮನೆ ಸಿದ್ದಮ್ಮನ ಮನೆಗಿಂತ ಮೇಲು. ಅಲ್ಲಿ ಗೆರೆ ಇಲ್ಲ, ನಿಜವಾಗಿಯೂ ಇಲ್ಲ. ಸಿದ್ದಮ್ಮನದೂ ನಿಮ್ಮದೂ ಸಮ. ಹಾಗಾಗಿ ಚಪ್ಪಡಿ ಮನೆ ನಿಮ್ಮದಕ್ಕಿಂತ ಮೇಲು. ಅಲ್ಲಿಗೇ ಕಳಿಸ್ತಿದ್ವಿ."

"ಚಪ್ಪಡಿ ಮನೆ" ಎಂದ ಅವನು. ಮಗಳ ಮನೆ ಎಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. "ಆವತ್ತು ಅಲ್ಲಿ ನೀರು ಒಳಗೆ ಬಂದಿತ್ತಾ?"

"ಇಲ್ಲ."

"ಹಾಗಾದ್ರೆ ನಮ್ಮ ಸಾಕಿ ಬದುಕ್ತಿದ್ಲು."

ಹೌದು ಎಂದುಬಿಟ್ಟರೆ ಅದು ತಪ್ಪು ಒಪ್ಪಿಕೊಂಡ ಹಾಗೆ, ದೊಡ್ಡ ಮನಸ್ಸಿನ ಹಾಗೆ ಕಾಣುತ್ತಿತ್ತು. ಇಲ್ಲ ಎಂದರೆ ನನಗೆ ಸುಖವಾಗುತ್ತಿತ್ತು. "ಅದು ಇದರಿಂದ ಗೊತ್ತಾಗಲ್ಲ, ಕೆಂಚಣ್ಣ" ಎಂದೆ. "ಹನ್ನೊಂದು ಬಾಗಿಲು ಅವರನ್ನ ಎತ್ಕೊಂಡು ಹೋಗೋಕೆ ಆಗ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಮನೆ ಒಣಗಿತ್ತು ಅಂತ ಮಾತ್ರ ಹೇಳಬಲ್ಲೆ. ನಾನು ತಪ್ಪಿಸಿಕೊಳ್ಳೋಕೆ ಹೀಗೆ ಹೇಳ್ತಿಲ್ಲ."

ಅವನು ಒಮ್ಮೆಲೇ ಎದ್ದು ನಿಂತ. ಕೌದಿ ಕಾಲಿಗೆ ತೊಡರಿತು. "ದಿನಾ ಮಧ್ಯಾಹ್ನ ಕಣ್ಣು ಮುಚ್ಕೊಂಡು ಗೋಡೆ ಹಿಡ್ಕೊಂಡು ಹೋಗಿ ಬತ್ತಿದ್ದೆ ನಾನು. ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ. ಮೂರಕ್ಕೆ ನಿಂತ್ನಾ, ಐದಕ್ಕೆ ಹೋದ್ನಾ ಅಂತ. ಹನ್ನೊಂದು ವರ್ಷ! ಊರ ಮಕ್ಕಳು ನನ್ನ ಹಿಂದೆ ಕಣ್ಣು ಮುಚ್ಕೊಂಡು ಆಡ್ಕೊಂಡು ಬರ್ತಿದ್ವು. ಮಗಳ ಮುಖ ನೋಡ್ಲಿಲ್ಲ ನಾನು. ನೋಡೋ ಹಕ್ಕಿಲ್ಲ ಅಂದ್ಕೊಂಡಿದ್ದೆ." ಅವನ ದನಿ ಏರಲಿಲ್ಲ, ಇಳಿಯಿತು. "ಈಗ ಹೋಗು ತಾಯಿ. ಇವತ್ತು ನಿನ್ನ ಮುಖ ನನ್ಗೆ ನೋಡಕ್ಕಾಗಲ್ಲ."

ಹೊಸ್ತಿಲು ದಾಟುವಾಗ ಹಿಂದಿನಿಂದ ಅವನು ಹೇಳಿದ: "ಊರ ಮುಂದೆ ಹೇಳು. ನನ್ನ ಕಿವೀಲಿ ಹೇಳಿ ಮುಗಿಸ್ಬೇಡ."

ಭಾನುವಾರ ಬೆಳಗ್ಗೆ ಚಾವಡಿಯಲ್ಲಿ ಹೇಳಿದೆ. ದೊಡ್ಡಪ್ಪ ಬರಲಿಲ್ಲ. ನಾನು ಎರಡೂ ಪುಸ್ತಕ ಎತ್ತಿ ಹಿಡಿದು, ಯಾವ ಸಾಲು, ಯಾವ ಗೆರೆ, ಯಾವ ವರ್ಷ, ದೊಡ್ಡಮ್ಮ ಕೇಳಿದಾಗ ನಾನೇನು ಹೇಳಿದೆ ಎಂಬುದನ್ನೆಲ್ಲ ಬಿಡದೆ ಹೇಳಿದೆ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ನಮ್ಮ ಸಾಲು ಸರಿಯಿದೆಯಾ, ನಮ್ಮ ಆಸರೆ ಸರಿಯಿದೆಯಾ ಎಂದು ಹೆಂಗಸರು ಮುಂದೆ ನುಗ್ಗಿ ಬಂದರು. ಒಬ್ಬ ಮುದುಕ ನನ್ನ ಕಾಲ ಬಳಿ ಉಗಿದ. ನನ್ನ ಕೈಯಿಂದ ಪುಸ್ತಕ ಕಿತ್ತುಕೊಳ್ಳಬೇಕು ಎಂದು ಹಿಂದಿನಿಂದ ಯಾರೋ ಕೂಗಿದರು.

ಕೆಂಚಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಹನ್ನೊಂದು ವರ್ಷದಲ್ಲಿ ಅವನು ಚಾವಡಿಗೆ ಬಂದದ್ದು ಅದೇ ಮೊದಲು. ಅವನು ಮಾತಾಡಲು ಮುಂದೆ ಬಂದಾಗ ಗದ್ದಲ ತಾನಾಗಿ ಅಡಗಿತು.

"ಪುಸ್ತಕ ಅವಳ ಹತ್ರಾನೇ ಇರ್ಲಿ. ಕಿತ್ಕೊಂಡು ಯಾರಿಗೆ ಕೊಡ್ತೀರಿ? ಆದ್ರೆ ಒಂದೊಂದು ಸಾಲನ್ನೂ ಇಲ್ಲಿ ಕೂತು ಗಟ್ಟಿಯಾಗಿ ಓದ್ಲಿ. ಆಯಾ ಮನೆಯೋರು ಹೌದು ಅಂದ್ಮೇಲೆ ಮುಂದಿನ ಸಾಲು. ಇನ್ನೊಂದು." ಅವನು ನನ್ನ ಕಡೆ ತಿರುಗಿದ. "ಮುಂದಿನ ಸಲ ನೀರು ಬಂದಾಗ ಬರೆದೋಳು ನನ್ನ ಜೊತೆ ನಡೀಲಿ."

ಚೆಲುವಮ್ಮ ಹೆಂಗಸರ ಸಾಲಿನ ಕೊನೆಯಲ್ಲಿ ಕೂತಿದ್ದಳು. ಅಪ್ಪ ಮಾತು ಮುಗಿಸುವ ಮೊದಲೇ ಅವಳು ಎದ್ದು ಹೊರಗೆ ಹೋದಳು. ಅವನು ಅದನ್ನು ನೋಡಿದ. ನಾನೂ ನೋಡಿದೆ.

ಮೂವತ್ತೆರಡು ದಿನ ಚಾವಡಿಯಲ್ಲಿ ಓದಿದೆವು. ದೊಡ್ಡಪ್ಪ ಹತ್ತನೆಯ ದಿನ ಬಂದು ಹಿಂದೆ ಕೂತರು. ತಮ್ಮ ಮನೆಯ ಸಾಲು ಬಂದಾಗ ಎಲ್ಲರ ಹಾಗೆ ಹೌದು ಎಂದರು. ಕೆಂಚಣ್ಣ ಒಂದು ದಿನವೂ ತಪ್ಪಿಸಲಿಲ್ಲ. ಅಡಿಯಲ್ಲಿ ಗೆರೆ ಇರುವ ಸಾಲು ಬಂದಾಗಲೆಲ್ಲ, "ಅದನ್ನ ಇನ್ನೊಂದ್ಸಲ ಓದು" ಎನ್ನುತ್ತಿದ್ದ. ನಾನು ಓದುತ್ತಿದ್ದೆ. ಅವನ ಆಸರೆಯಾಗಿ ಚಪ್ಪಡಿ ಮನೆ ಎಂದು ಬರೆದು ಓದಿದ ದಿನ ಆ ಮನೆಯ ಪರವಾಗಿ ಹೌದು ಎಂದದ್ದು ಚೆಲುವಮ್ಮನ ಮಾವ. ಚೆಲುವಮ್ಮ ಚಾವಡಿಯ ಕಡೆಗೇ ಸುಳಿದಿರಲಿಲ್ಲ.

ಓದು ಮುಗಿದ ಹದಿನೆಂಟನೆಯ ದಿನ, ಬೆಳಗಿನ ಹಾಲು ಕಾಯಿಸುವ ಹೊತ್ತಿಗೆ ಮಂಜು ಕವಿಯತೊಡಗಿತು. ನಮ್ಮೂರಲ್ಲಿ ಎಂದೂ ಎರಡು ನೀರು ಇಷ್ಟು ಹತ್ತಿರ ಬಂದಿರಲಿಲ್ಲ. ಬೀದಿಗೆ ಓಡಿದೆ. ಕಲ್ಲುಸಂದಿಗಳು ಆಗಲೇ ಮಿನುಗುತ್ತಿದ್ದವು. ಕೆಂಚಣ್ಣ ಬಾಗಿಲಲ್ಲಿ ನಿಂತಿದ್ದ. ನೀರು ಅವನ ಹೊಸ್ತಿಲು ಮುಟ್ಟುವ ತನಕ ಇಬ್ಬರೂ ಕಾದೆವು. ಆಮೇಲೆ ಅವನು ಎಡಗೈ ಗೋಡೆಗೆ ಇಟ್ಟ. ಬಲಗೈಯನ್ನು ನನ್ನ ಕಡೆ ಚಾಚಲಿಲ್ಲ. ಅವನ ಅಂಗಿಯ ಅಂಚು ಹಿಡಿದುಕೊಂಡು ನಾನು ಹಿಂದೆ ನಡೆದೆ.

ಮೂರನೆಯ ಬಾಗಿಲಿಗೆ ಮಂಜು ಪೂರ್ತಿ ಮುಚ್ಚಿತು. ನೀರು ಮೀನಖಂಡ ದಾಟಿ ಮೊಣಕಾಲಿಗೆ ಬಂತು. ಐದು, ಆರು ಎಂದು ಅವನು ಎಣಿಸುವುದು ಕೇಳುತ್ತಿತ್ತು. ಚಪ್ಪಡಿ ಮನೆ ಮೇಲು ಎಂದು ನನಗೆ ಗೊತ್ತಿತ್ತು. ಎಷ್ಟು ಮೇಲು ಎಂದು ಯಾವ ಪುಸ್ತಕವೂ ಹೇಳುವುದಿಲ್ಲ. ಒಂದು ಮೊಳವಿರಬಹುದು, ಒಂದು ಬೆರಳಿರಬಹುದು. ಹನ್ನೊಂದು ವರ್ಷದ ಹಿಂದಿನ ನೀರು ಅಲ್ಲಿಗೆ ಬರಲಿಲ್ಲ ಎಂದ ಮಾತ್ರಕ್ಕೆ ಈ ನೀರೂ ಬರುವುದಿಲ್ಲ ಎಂದಾಗುವುದಿಲ್ಲ. ಮಂಜಿನಲ್ಲಿ ನಡೆಯುವವರ ಎದೆಯಲ್ಲಿ ಏನಿರುತ್ತದೆ ಎಂಬುದು ನನಗೆ ತಿಳಿದದ್ದು ಆವತ್ತು. ಅಲ್ಲಿಯ ತನಕ ನಾನು ಬರೀ ಬರೆದಿದ್ದೆ.

ಎಂಟನೆಯ ಬಾಗಿಲ ಬಳಿ ಅವನು ನಿಂತುಬಿಟ್ಟ. "ಎಂಟೋ ಒಂಬತ್ತೋ?" ಎಂದ. ನಾನು ಎಣಿಸಿದ್ದೆ. ಆದರೂ ನನ್ನ ಮಾತನ್ನು ಅವನು ಏಕೆ ನಂಬಬೇಕು ಎಂದು ನಾಲಿಗೆ ಏಳಲಿಲ್ಲ. ನೀರು ತೊಡೆಗೆ ಬಂತು.

ಆಗ ಮುಂದಿನ ಬಿಳುಪಿನೊಳಗಿಂದ ಒಂದು ಹೆಣ್ಣುದನಿ ಕೇಳಿತು. ಕೂಗಿ ಕೂಗಿ ಆಗಲೇ ಒಡೆದುಹೋಗಿತ್ತು ಆ ದನಿ.

"ಅಪ್ಪಾ... ಈ ಕಡೆ. ಅಪ್ಪಾ, ಇಲ್ಲಿದ್ದೀನಿ. ಈ ಕಡೆ ಬಾ."

ಅವನು ಎಣಿಸುವುದನ್ನು ಬಿಟ್ಟು ನಡೆದ. ಗೋಡೆಯಿಂದ ಕೈ ತೆಗೆದುಬಿಟ್ಟ. ನಾನು ಅಂಗಿ ಬಿಡದೆ ಹಿಂದೆ ಹಿಂದೆ ಹೋದೆ. ಮೆಟ್ಟಿಲು ಕಾಲಿಗೆ ತಗುಲಿತು, ಆಮೇಲೆ ಯಾರದೋ ಕೈಗಳು ಅವನನ್ನು ಹಿಡಿದು ಒಳಗೆಳೆದವು, ಅವನ ಜೊತೆ ನನ್ನನ್ನೂ.

ಒಳಗೆ ದೀಪ ಹಚ್ಚಿದ್ದರು. ಚೆಲುವಮ್ಮನ ಗಂಡ ಮಕ್ಕಳಿಬ್ಬರನ್ನೂ ಅಟ್ಟ ಹತ್ತಿಸಿ ಏಣಿ ಹಿಡಿದು ನಿಂತಿದ್ದ, ಅತ್ತೆ ಮಾವ ಮಂಚದ ಮೇಲೆ ಕೂತಿದ್ದರು. ಚೆಲುವಮ್ಮ ಒಣ ಟವಲು ತಂದು ಅಪ್ಪನ ಕಾಲು ಒರೆಸಿದಳು. ಅವನು ಬೇಡ ಎನ್ನಲಿಲ್ಲ. ಹೊರಗೆ ನೀರು ಹೊಸ್ತಿಲಿನ ಕೆಳಗಿನ ಅಂಚಿಗೆ ಬಂದು ನಿಂತು, ಒಂದು ಕೂದಲಷ್ಟು ಏರಿತು.

"ಒಳಗೆ ಬತ್ತದಾ ಹೊಸ್ತಿಲವ್ವ?" ಎಂದು ಚೆಲುವಮ್ಮ ಕೇಳಿದಳು. ನನ್ನ ಕಡೆ ನೋಡಲಿಲ್ಲ.

"ಗೊತ್ತಿಲ್ಲ. ನಿಮ್ಮಪ್ಪನ ಮನೆಗಿಂತ ಇದು ಮೇಲು. ಅಷ್ಟೇ ಗೊತ್ತು."

ಅವಳು ತಲೆಯಾಡಿಸಿದಳು. ಅಪ್ಪನ ಪಕ್ಕದಲ್ಲಿ, ಅವನನ್ನು ಮುಟ್ಟದೆ, ನೆಲದ ಮೇಲೆ ಕೂತಳು. "ಚಾವಡೀಲಿ ಎಲ್ರ ಮುಂದೆ ಕೇಳಕ್ ನನ್ಗಾಗ್ಲಿಲ್ಲ" ಎಂದಳು. "ಈಗ ಹೇಳಪ್ಪ. ಆವತ್ತು ಅವ್ವನ್ನ ಹೆಂಗೆ ಎತ್ಕೊಂಡು ಹೋದೆ?"

ಊರಿಡೀ ಅವನ ಬಗ್ಗೆ ಮಾತಾಡಿತ್ತು. ಆದರೆ ಆ ದಿನ ಏನಾಯಿತೆಂದು ಅವನನ್ನು ಕೂರಿಸಿ ಕೇಳಿದವರು ಒಬ್ಬರೂ ಇರಲಿಲ್ಲ. ಕೆಂಚಣ್ಣ ಟವಲನ್ನು ಮಡಿಸಿದ, ಮತ್ತೆ ಬಿಚ್ಚಿದ.

"ಬೆನ್ನಿಗೆ ಕಟ್ಕೊಂಡೆ. ಅವಳದೇ ಸೀರೇಲಿ. ಮದ್ವೆ ಸೀರೆ ಬೇಡ, ನೆಂದೋಗ್ತದೆ ಅಂದ್ಲು, ಅದಕ್ಕೆ ಹಸಿರುದು ತಕ್ಕೊಂಡೆ..."

ಅವನು ನಿಧಾನವಾಗಿ ಹೇಳುತ್ತ ಹೋದ. ಒಂದೊಂದು ಬಾಗಿಲಿನ ಬಳಿ ಸಾಕಮ್ಮ ಏನೇನು ಅಂದಳು, ಗಾಣದ ಮನೆಯ ನೆಲ ಎಣ್ಣೆಗೆ ಹೇಗೆ ಜಾರುತ್ತಿತ್ತು, ತಲೆ ಎತ್ತಿ ಹಿಡಿದ ಕೈ ಯಾವಾಗ ಸೋತಿತು, ಅವಳು ಕೊನೆಗೆ ಮಗಳ ಹೆಸರು ಹೇಳಿ ಏನು ಮಾಡಬೇಕೆಂದಳು. ಚೆಲುವಮ್ಮ ನಡುವೆ ಎರಡು ಸಲ, "ಆಮೇಲೆ?" ಎಂದಳು. ಅವಳ ಗಂಡ ಏಣಿ ಬಿಟ್ಟು ಬಂದು ಕೂತ. ಅಟ್ಟದ ಮೇಲಿನ ಮಕ್ಕಳು ಗದ್ದಲ ನಿಲ್ಲಿಸಿದರು. ಹೊಸ್ತಿಲ ಕಡೆಗೆ ಬೆನ್ನು ಮಾಡಿ ನಾವೆಲ್ಲ ಅವನ ಮುಖವನ್ನೇ ನೋಡುತ್ತ ಕೂತಿದ್ದೆವು. ನೀರು ಯಾವಾಗ ಇಳಿಯಿತೋ ನಮ್ಮಲ್ಲಿ ಒಬ್ಬರೂ ನೋಡಲಿಲ್ಲ.